ಮಹೇಶ್ವರಿ ಅಕ್ಕನ ಖಾನಾವಳಿಗೆ ಬಂದ ಸೂತಕ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಗೇಟಿನಿಂದ ಹೊರಗೆ ಬಂದು ಎಡಕ್ಕೆ ತಿರುಗಿದರೆ ಮಹೇಶ್ವರಿ ಅಕ್ಕನ ಖಾನಾವಳಿ. ಅದಕ್ಕೆ ಹೊಂದಿಕೊಂಡ ಮನೆ ನಮ್ಮದು, ನಡುವೆ ಒಂದೇ ಗೋಡೆ. ನಾನು ಮನೆಯಲ್ಲಿ ಹೊಲಿಗೆ ಮಾಡುತ್ತೇನೆ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅಕ್ಕ ನನ್ನ ಮಶೀನಿನ ಪಕ್ಕದ ಸ್ಟೂಲಿಗೆ ಬಂದು ಕುಳಿತು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಮಾತಿಗೆ ತೊಡಗುತ್ತಾರೆ. ನಾನು ಕಾಲಿನಿಂದ ಮಶೀನು ತುಳಿಯುತ್ತ ಕೇಳುತ್ತೇನೆ.

ಅಕ್ಕ ಕರ್ಜಗಿಯ ಮಗಳು. ಗಂಡ ಶಂಕ್ರಪ್ಪನವರು ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಆ ಅಂಗಡಿ ಮುಚ್ಚಿದಾಗ ಅಕ್ಕ ಯಾರನ್ನೂ ಕೇಳದೆ ಮನೆಯ ಪಡಸಾಲೆಗೆ ನಾಲ್ಕು ಟೇಬಲ್ಲು ತರಿಸಿ ಹಾಕಿದರು. ಬೆಳಗಾಗುವ ಮೊದಲೇ ಸ್ನಾನ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ, ಆಮೇಲೆ ಒಲೆ. ಅವರು ಸಾರಿಗೆ ಮೆಣಸಿನಕಾಯಿ ಹುರಿಯುವಾಗ ಗೋಡೆಯಾಚೆ ನಾನು ಕೆಮ್ಮುತ್ತಲೇ ದೇವರಿಗೆ ಹೂ ಏರಿಸುತ್ತೇನೆ.

ಅಕ್ಕನ ಬಗ್ಗೆ ಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ಸಂಗತಿಯಿತ್ತು. ಅತ್ತೆ ತೀರಿಕೊಂಡ ಮರುದಿನವೇ ಅವರು ಖಾನಾವಳಿ ತೆರೆದಿದ್ದರು. ಓಣಿಯ ಹೆಂಗಸರು ಗಲ್ಲಕ್ಕೆ ಕೈ ಹಚ್ಚಿಕೊಂಡು ನಿಂತಾಗ ಅಕ್ಕ ಬಾಗಿಲಲ್ಲೇ ಹೇಳಿದ್ದರು, "ಲಿಂಗಾ ಕಟ್ಟಿಕೊಂಡವರಿಗೆ ಸೂತಕ ಇಲ್ರವಾ. ಹಸದು ಬಂದವರನ್ನ ಹೊಳ್ಳಿ ಕಳಿಸಿದ್ರ ಅದ ದೊಡ್ಡ ಮೈಲಿಗಿ." ಅವತ್ತು ಊಟಕ್ಕೆ ಕೂತಿದ್ದ ಹಮಾಲರು ಆ ಮಾತನ್ನು ಮಾರುಕಟ್ಟೆಯ ತುಂಬ ಹೇಳಿಕೊಂಡು ತಿರುಗಿದರು. ನನಗೂ ಅದು ಮೆಚ್ಚಿಗೆಯಾಗಿತ್ತು.

ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಕರೆವ್ವ. ಹಲಗೇರಿಯ ಕಡೆಯವಳು. ಅವಳ ರೊಟ್ಟಿ ತಾಟಿನಷ್ಟು ಅಗಲ, ಕರವಸ್ತ್ರದಂತೆ ಮಡಚಿದರೂ ಸೀಳುತ್ತಿರಲಿಲ್ಲ. ಊಟಕ್ಕೆ ಬಂದವರು ಕೈ ತೊಳೆಯುವ ಮೊದಲು ಅಡುಗೆಮನೆಗೆ ತಲೆ ಹಾಕುತ್ತಿದ್ದರು.

"ಏ ಕರೆವ್ವಾ, ಬಂದೀಯೇನವಾ ಇವತ್ತು?"

"ಬಂದೇನ್ರಿ, ಕುಂದ್ರಿ."

ಆಮೇಲೆಯೇ ಕೂರುವುದು. ಅವಳಿಗೆ ಜ್ವರ ಬಂದ ದಿನ ಅರ್ಧ ಜನ ಬಾಗಿಲಿನಿಂದಲೇ ಹಿಂದಿರುಗುತ್ತಿದ್ದರು. ಗಲ್ಲಾದ ಮುಂದೆ ಕೂತಿರುತ್ತಿದ್ದ ಅಕ್ಕ ಅದನ್ನೆಲ್ಲ ನೋಡುತ್ತಿದ್ದರು.

"ನೋಡವಾ," ಎಂದು ನನ್ನ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರು, "ಹಿಟ್ಟು ನನ್ನದು, ನೀರು ನನ್ನದು, ಒಲಿ ನನ್ನದು, ಹಂಚು ನನ್ನದು. ಆಕೀದೇನೈತಿ? ಬರೇ ಎರಡು ಕೈ. ಸಾರು ಮಾಡಾಕಿ ನಾ, ಪಲ್ಯ ಮಾಡಾಕಿ ನಾ, ಮಂದಿ ಎಂಜಲ ತಾಟ ಎತ್ತಾಕಿ ನಾ. ಒಬ್ಬನಾರ ಬಂದು, ಅಕ್ಕಾರ, ಇವತ್ತು ಸಾರು ಏನೈತ್ರಿ ಅಂತ ಕೇಳ್ಯಾನೇನು?"

ನಾನು ದಾರ ಪೋಣಿಸುತ್ತಿದ್ದೆ. ಕೆಲವು ಮಧ್ಯಾಹ್ನ ಕರೆವ್ವ ಮನೆಗೆ ಹೋದ ಮೇಲೆ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಕರೆವ್ವನ ಬಡಿತ ಮಳೆ ಹಿಡಿದಂತೆ ಒಂದೇ ಸಮ. ಇದು ಹಾಗಲ್ಲ. ನಾಲ್ಕು ಏಟು, ನಿಲುಗಡೆ, ಮತ್ತೆರಡು ಏಟು, ಒಂದು ನಿಟ್ಟುಸಿರು. ಸಂಜೆ ಹಿತ್ತಿಲ ಬಾಗಿಲಿಗೆ ಬರುವ ದನಕ್ಕೆ ಅಕ್ಕ ಹರಿದ ರೊಟ್ಟಿ ಹಾಕುತ್ತಿದ್ದರು. ನನ್ನನ್ನು ಕಂಡರೆ, "ಹಿಟ್ಟು ಹಳೇದಾಗಿತ್ತು" ಎನ್ನುತ್ತಿದ್ದರು.

ಈ ಸಲದ ಮೆಣಸಿನಕಾಯಿ ಸುಗ್ಗಿಯಲ್ಲಿ ಹೊಳಿಯಪ್ಪ ಎಂಬ ಹಮಾಲ ಚೀಲದ ಅಟ್ಟಿಯ ಮೇಲಿಂದ ಬಿದ್ದು ಬೆನ್ನು ಮುರಿದುಕೊಂಡ. ದಿನಾ ಮೂಲೆಯ ಟೇಬಲ್ಲಿಗೆ ಬಂದು ಉಣ್ಣುತ್ತಿದ್ದವನು. ರಾಣೆಬೆನ್ನೂರಿನ ಆಸ್ಪತ್ರೆಗೆ ಸೇರಿಸಿದರು. ಆಪರೇಶನ್ ಆಗಬೇಕು, ಅದರ ಖರ್ಚು ಅವನಿಂದ ಆಗುವ ಮಾತಲ್ಲ. ಒಂದು ಗುರುವಾರ, ಮಾರುಕಟ್ಟೆಯ ದಿನ, ಸಹಾಯದ ಊಟ ಇಟ್ಟು, ಬಂದದ್ದನ್ನೆಲ್ಲ ಅವನ ಹೆಂಡತಿಯ ಕೈಗೆ ಕೊಡುವುದು ಎಂಬ ವಿಚಾರ ಅಕ್ಕನದೇ. ಅದನ್ನು ನನ್ನ ಮುಂದೆ ಹೇಳುವಾಗ ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದೇನೆ.

ಹಮಾಲರ ಮುಖಂಡ ಅಲ್ಲಾವುದ್ದೀನ ಈ ಸುದ್ದಿಯನ್ನು ಮೊಬೈಲಿನಲ್ಲಿ ಹರಿಬಿಟ್ಟ. ಶಂಕ್ರಪ್ಪನವರು ಫೋನು ಹಿಡಿದುಕೊಂಡು ಖುಷಿಯಿಂದ ಒಳಗೆ ಬಂದರು.

"ನೋಡಿಲ್ಲೆ, ಹಾವೇರಿ ತನಕ ಹೋಗೇತಿ!"

ಚಿತ್ರದಲ್ಲಿ ಕರೆವ್ವ ಒಲೆಯ ಮುಂದೆ ಕೂತು, ಅಂಗೈ ಮೇಲೆ ರೊಟ್ಟಿ ಹಿಡಿದು ನಗುತ್ತಿದ್ದಳು. ಕೆಳಗೆ ದೊಡ್ಡ ಅಕ್ಷರದಲ್ಲಿ, "ಕರೆವ್ವನ ಕೈರೊಟ್ಟಿ ಊಟ, ಹೊಳಿಯಪ್ಪನ ಚಿಕಿತ್ಸೆಗಾಗಿ." ಅದರ ಕೆಳಗೆ ಸಣ್ಣದಾಗಿ, "ಸ್ಥಳ: ಮಾರುಕಟ್ಟೆ ಹಿಂದಿನ ಖಾನಾವಳಿ." ಅಕ್ಕನ ಹೆಸರು ಎಲ್ಲಿಯೂ ಇರಲಿಲ್ಲ.

ಮಂಗಳವಾರ ಸಂಜೆ ಖಾನಾವಳಿಯ ಬಾಗಿಲಿಗೆ ಒಂದು ಪಾಟಿ ತೂಗುಬಿದ್ದಿತು. "ಸೂತಕ ಬಂದಿರುವುದರಿಂದ ಗುರುವಾರದ ಸಹಾಯದ ಊಟ ರದ್ದಾಗಿದೆ." ಕರೆವ್ವನಿಗೆ ಒಂದು ವಾರ ಬರಬೇಡವೆಂದು ಹೇಳಿ ಕಳಿಸಿದ್ದಾಯಿತು. ಊರಲ್ಲಿ ಯಾರೂ ಎದುರು ಪ್ರಶ್ನೆ ಕೇಳದಂಥ ನೆಪ ಇದೊಂದೇ ಎಂದು ಅಕ್ಕನಿಗೆ ತೋರಿರಬೇಕು. ಅದು ಬೇರೆಯವರ ಮನೆಗೆ ಸರಿ, ತಮ್ಮ ಮನೆಗಲ್ಲ ಎಂಬುದು ಆ ಹೊಟ್ಟೆಕಿಚ್ಚಿನ ಹೊಗೆಯಲ್ಲಿ ಅವರಿಗೆ ಕಾಣಲೇ ಇಲ್ಲ.

ಬುಧವಾರ ಬೆಳಿಗ್ಗೆ ಅಲ್ಲಾವುದ್ದೀನ ಇಬ್ಬರು ಹಮಾಲರೊಂದಿಗೆ ಬಂದ. ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ.

"ಯಾರು ತೀರಿಕೊಂಡ್ರು ರೀ ಅಕ್ಕಾರ?"

"ಕರ್ಜಗ್ಯಾಗ. ನಮ್ಮ ದೊಡ್ಡಪ್ಪನ ಕಡೆಯವರು."

"ಪಾಪ. ಆದ್ರ ನಿಮ್ಮಲ್ಲಿ ಸೂತಕ ಇಲ್ಲಲ್ರಿ? ನಿಮ್ಮ ಅತ್ತಿಯಾರು ಹೋದ ಮರುದಿನ ನಾನ ಇಲ್ಲೆ ಉಂಡೇನಿ. ನೀವ ಹೇಳಿದ್ರಿ."

"ಅವಾಗ ಇರಲಿಲ್ಲ. ಈಗ ಐತಿ."

"ಹೊಸದಾಗಿ ಬಂತೇನ್ರಿ, ಮೊಬೈಲ್ ಬಂದಂಗ?"

ಹಮಾಲರು ನಕ್ಕರು. ಅಷ್ಟರಲ್ಲಿ ಒಳಗಿನಿಂದ ಸಾರಿನ ಒಗ್ಗರಣೆಯ ಘಮ ಬಂತು. ದಿನದ ರೂಢಿಯಂತೆ ಅಕ್ಕ ಅವತ್ತಿನ ಊಟಕ್ಕೆ ಒಲೆ ಹೊತ್ತಿಸಿಬಿಟ್ಟಿದ್ದರು.

ಅಲ್ಲಾವುದ್ದೀನನ ನಗು ನಿಂತಿತು. "ಹೊಳಿಯಪ್ಪನ ಊಟಕ್ಕ ಸೂತಕ, ರೊಕ್ಕಾ ಕೊಟ್ಟು ಉಣ್ಣೂ ಊಟಕ್ಕ ಇಲ್ಲ. ಆತು ಬಿಡ್ರಿ, ತಿಳೀತು."

ಸಂಜೆಯ ಹೊತ್ತಿಗೆ 'ಸೂತಕದ ಖಾನಾವಳಿ' ಎಂಬ ಹೆಸರು ಬಿದ್ದಿತ್ತು. ಹಮಾಲರು ಗುಂಪಾಗಿ ಬೇರೆ ಕಡೆ ಉಣ್ಣತೊಡಗಿದರು. ಇಲ್ಲಿ ಒಂದು ತುತ್ತೂ ಉಣ್ಣದ ಹಾವೇರಿಯವರು, ರಾಣೆಬೆನ್ನೂರಿನವರು ಫೋನಿನಲ್ಲಿ ಒಂದೊಂದೇ ಸ್ಟಾರು ಕೊಟ್ಟು, ಅನ್ನದಲ್ಲಿ ಕೂದಲು, ಸಾರಿನಲ್ಲಿ ನೊಣ ಎಂದು ಬರೆದರು. ಒಬ್ಬ ಪುಣ್ಯಾತ್ಮ, ದೇಣಿಗೆ ನುಂಗಿದ್ದಾರೆ ಎಂದೂ ಬರೆದ. ದೇಣಿಗೆ ಇನ್ನೂ ಬಂದೇ ಇರಲಿಲ್ಲ. ಶಂಕ್ರಪ್ಪನವರು ಅದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವರು, ಅಕ್ಕ ಖಾಲಿ ಟೇಬಲ್ಲುಗಳನ್ನು ಮತ್ತೆ ಮತ್ತೆ ಒರೆಸುವರು.

"ಹಮಾಲರ ಶೆಡ್ಡಿನ್ಯಾಗ ಊಟಾ ಇಡೂಣು ಬಾ ಅಂತ ಕರೆವ್ವನ್ನ ಕರದ್ರಂತ," ಎಂದರು ಅಕ್ಕ ಒಂದು ಮಧ್ಯಾಹ್ನ ನನ್ನ ಹತ್ತಿರ. "ಅಕ್ಕಾರು ಕರದ್ರ ಅಷ್ಟ ಬರ್ತೇನಿ ಅಂದ್ಲಂತ. ಊರೆಲ್ಲ ಹೊಗಳಾಕತ್ತೈತಿ, ಎಂಥಾ ನಿಯತ್ತಿನಾಕಿ ಅಂತ. ನೋಡವಾ, ಬರೂದಿಲ್ಲ ಅಂದೂ ಆಕೀನ ದೊಡ್ಡಾಕಿ ಆದ್ಲು!"

ಆಗ ನಾನು ಬಾಯಿ ಬಿಟ್ಟೆ. "ಹೊಳಿಯಪ್ಪನ್ನ ನೋಡಾಕ ಹೋಗಿದ್ರೇನ್ರಿ ಅಕ್ಕಾರ?"

ಅಕ್ಕ ಸ್ಟೂಲಿನಿಂದ ಎದ್ದು ಹೋದರು. ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. "ಒಬ್ಬಾಕಿಗೆ ಹೋಗಾಕ ಕಾಲು ಏಳವಲ್ದು. ಬಾರವಾ."

ಆಸ್ಪತ್ರೆಯಲ್ಲಿ ಹೊಳಿಯಪ್ಪ ಹಲಗೆಯಂತೆ ಮಲಗಿದ್ದ. ಅಕ್ಕನನ್ನು ಕಂಡು ಮುಖವೆಲ್ಲ ಅರಳಿತು.

"ಗುರುವಾರ ಮಂದಿ ಭಾಳ ಬಂದಿದ್ರೇನ್ರಿ ಅಕ್ಕಾರ?"

ಅವನ ಹೆಂಡತಿ ತಲೆ ತಗ್ಗಿಸಿದಳು. ಅವನಿಗೆ ಯಾರೂ ಹೇಳಿರಲಿಲ್ಲ.

"ಡಾಕ್ಟರು ದಿನಾ ಕೇಳತಾರ್ರಿ, ಆಪರೇಶನ್ ಯಾವಾಗ ಮಾಡೂಣು ಅಂತ. ನಮ್ಮ ಅಕ್ಕಾರು ಊಟಾ ಇಟ್ಟಾರ್ರಿ, ಅದು ಮುಗದ ಕೂಡ್ಲೆ ಅಂತ ಹೇಳೇನಿ. ತಡಾ ಆದ್ರ ಕಾಲಿಗೂ ಬರತೈತಂತ್ರಿ."

'ನಮ್ಮ ಅಕ್ಕಾರು' ಎಂದ ಅವನು. ಆ ಊಟಕ್ಕೆ ಅಕ್ಕನ ಹೆಸರು ಹಿಡಿದವನು ಅವನೊಬ್ಬನೇ. ಅಕ್ಕ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಅವನ ಬಾಯಿಗಿಟ್ಟರು. ಅವನು ಒಂದು ಗಳಿಗೆ ಅಗಿದ.

"ಇದು ಕರೆವ್ವನ ರೊಟ್ಟಿ ಅಲ್ಲ ಅಲ್ರಿ?"

"ಅಲ್ಲಪಾ. ನಾ ಮಾಡಿದ್ದು."

"ಹೂಂ. ಇರಲಿ ಬಿಡ್ರಿ, ಸಾರಿನಾಗ ನೆನಸಿದ್ರ ನಡೀತೈತಿ."

ಅಕ್ಕನ ಮುಖ ಕೆಂಪಾಯಿತು. ಆದರೂ ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ಅದ್ದಿ ಪೂರ್ತಿ ತಿನ್ನಿಸಿದರು. ಕೈ ತೊಳೆದು ಬಂದು ಹೇಳಿದರು, "ಹೋದ ಗುರುವಾರ ಆಗಲಿಲ್ಲಪಾ. ಬರೂ ಗುರುವಾರ ಐತಿ. ಡಾಕ್ಟರಿಗೆ ಹೇಳು."

ಬಸ್ಸಿನಲ್ಲಿ ನಾನು ಮನಸ್ಸಿನಲ್ಲೇ ಶಿವನಾಮ ಹೇಳಿಕೊಳ್ಳುತ್ತ ಕಿಟಕಿಯ ಹೊರಗೆ ನೋಡುತ್ತಿದ್ದೆ. ಬ್ಯಾಡಗಿ ಹತ್ತಿರವಾಗುತ್ತಿದ್ದಂತೆ ಅಕ್ಕ ಕೇಳಿದರು, "ಆಕಿ ಮನಿ ಯಾವ ಓಣ್ಯಾಗ ಐತಿ?" ಇಷ್ಟು ವರ್ಷ ತಮ್ಮ ಒಲೆಯ ಮುಂದೆ ಕೂತವಳ ಮನೆ ಅವರಿಗೆ ಗೊತ್ತಿರಲಿಲ್ಲ.

ಕರೆವ್ವ ತನ್ನ ಮನೆಯ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. ಖಾನಾವಳಿಯ ಕೆಲಸ ನಿಂತ ಮೇಲೆ ಅದೇ ಕೂಲಿ. ನಮ್ಮನ್ನು ಕಂಡೂ ಏಳಲಿಲ್ಲ.

"ಬರ್ರಿ ಅಕ್ಕಾರ. ಸೂತಕದ ಮನ್ಯಾಗಿಂದ ಬಂದೀರಿ, ನೀರು ಕೊಡ್ಲೋ ಬ್ಯಾಡೋ?"

"ಸುಳ್ಳು ಹೇಳೀನಿ ಕರೆವ್ವಾ. ಯಾರೂ ಸತ್ತಿಲ್ಲ."

"ಅದು ಊರಿಗೆಲ್ಲ ಗೊತ್ತೈತ್ರಿ. ಯಾಕ ಹೇಳಿದ್ರಿ ಅನ್ನೂದು ಗೊತ್ತಿಲ್ಲ."

ಅಕ್ಕ ನಿಂತೇ ಇದ್ದರು. "ನಿನ್ನ ಫೋಟೋ ನೋಡಿ ಹೊಟ್ಟ್ಯಾಗ ಬೆಂಕಿ ಬಿತ್ತು."

ಕರೆವ್ವನ ಕೈ ನಿಂತಿತು. ಆಮೇಲೆ ಸಣ್ಣಗೆ ನಕ್ಕಳು. "ನನ್ನ ಮಾರಿ ನೋಡಿ ಏನ್ರಿ? ಹರಕ ಸೀರಿ ಉಟ್ಟಿದ್ದೆ. ಕೇಳದ ತಗದಾನ ಆ ಅಲ್ಲಾವುದ್ದೀನ. ಹಲಗೇರ್ಯಾಗ ನಮ್ಮ ನಾದಿನ್ಯಾರು ಬಿದ್ದು ಬಿದ್ದು ನಕ್ಕಾರ." ತುಸು ತಡೆದು, ದನಿ ತಗ್ಗಿಸಿ ಹೇಳಿದಳು, "ನನಗ ಆ ಬೆಂಕಿ ಇಲ್ಲ ಅನಕೋಬ್ಯಾಡ್ರಿ ಮತ್ತ. ನೀವು ಫ್ಯಾನಿನ ಕೆಳಗ ಕುಂದರತೀರಿ. ನಿಮಗ ಅಕ್ಕಾರ, ಬರ್ರಿ, ಹೋಗ್ರಿ. ನನಗ ಏ ಕರೆವ್ವಾ, ಬಾ, ಹೋಗು. ಮೊನ್ನೆ ಹುಟ್ಟಿದ ಹುಡುಗೂರು ಸುದ್ದಾ. ಒಳಗ ಹೊಗ್ಯಾಗ ಕುಂತು ಅದನ್ನ ಕೇಳಿ ಕೇಳಿ ನಿಮ್ಮ ಮ್ಯಾಲೆ ನನಗ ಎಷ್ಟು ಉರದೈತಿ, ನಿಮಗೇನು ಗೊತ್ತು?"

ಅಕ್ಕ ದಿಗಿಲುಬಿದ್ದು ನೋಡಿದರು. ತಮ್ಮ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಆ ಗಳಿಗೆಯಲ್ಲಿ ಅವರ ಮುಖದ ಮೇಲೆ ಕೊಂಚ ಸಮಾಧಾನವೂ ಸುಳಿಯಿತು ಎಂದು ಬರೆದರೆ ಅದು ಸುಳ್ಳಲ್ಲ.

"ಗುರುವಾರ ಊಟಾ ಇಡೂಣು. ಬಾ."

"ಬರ್ತೇನ್ರಿ, ಹೊಳಿಯಪ್ಪಗ ಇಲ್ಲ ಅನ್ನೂದಿಲ್ಲ. ಆದ್ರ ಒಲಿ ಹೊರಗ ಹಾಕಬೇಕು, ಬಾಗಿಲ ಮುಂದ, ಗಾಳ್ಯಾಗ. ಮತ್ತ ನನಗ ಬರ್ರಿ ಅನಬೇಕು. ಮಂದಿಗೆ ನಾ ಹೇಳೂದಿಲ್ಲ. ಮೊದಲು ನೀವು ಅನ್ರಿ, ಮಂದಿ ತಾನ ಕಲೀತೈತಿ."

ಅಕ್ಕ ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು, ಮೆಣಸಿನಕಾಯಿ ರಾಶಿಯ ಕಡೆ ನೋಡಿದರು. ಘಾಟಿಗೋ ಏನೋ, ಎರಡು ಸಲ ಕೆಮ್ಮಿದರು.

"ಕರೆವ್ವಾರ," ಎಂದರು ಕಡೆಗೆ, ಕಲ್ಲು ನುಂಗಿದವರಂತೆ. "ಗುರುವಾರ ಬರ್ರಿ."

"ಆತ್ರಿ. ಈಗ ಕುಂದ್ರಿ, ಚಾ ಮಾಡ್ತೇನಿ."

ಗುರುವಾರ ಬಾಗಿಲ ಮುಂದೆ ಚಪ್ಪರ ಹಾಕಿಸಿ ಒಲೆ ಹೂಡಿದರು. ಕರೆವ್ವ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ಬಂದು ಕೂತಳು. ಕುಪ್ಪಸ ನಾನೇ ಹೊಲಿದುಕೊಟ್ಟಿದ್ದೆ. ಮೊದಲು ಯಾರೂ ಬರಲಿಲ್ಲ. ರೊಟ್ಟಿಯ ಸದ್ದು ಮಾರುಕಟ್ಟೆಯ ಗೇಟು ದಾಟಿ ಹೋಯಿತೇನೋ, ಒಬ್ಬಿಬ್ಬರಾಗಿ ಬರತೊಡಗಿದರು. ಎಲ್ಲ ಹಮಾಲರೂ ಬರಲಿಲ್ಲ, ಕೆಲವರು ಇವತ್ತಿಗೂ ಈ ಬಾಗಿಲು ತುಳಿಯುವುದಿಲ್ಲ. ಅಲ್ಲಾವುದ್ದೀನ ಬಂದ, ಚಪ್ಪಲಿ ಬಿಡುತ್ತಲೇ ಕೇಳಿದ.

"ಸೂತಕ ಕಳೀತೇನ್ರಿ ಅಕ್ಕಾರ?"

"ಕಳದಿಲ್ಲ. ಹೊಟ್ಟ್ಯಾಗ ಐತಿ," ಎಂದರು ಅಕ್ಕ. "ನೀ ಕುಂದರು, ಉಣ್ಣು."

ಅವನು ತಾಟು ಎಳೆದುಕೊಂಡು ಕೂತ. ಹೊಳಿಯಪ್ಪನ ಹೆಂಡತಿ ಬಾಗಿಲ ಹತ್ತಿರ ಡಬ್ಬಿ ಹಿಡಿದು ನಿಂತಿದ್ದಳು. ಉಂಡವರು ಅದರೊಳಗೆ ಹಾಕಿ, ಕೈಮುಗಿದು ಹೋಗುತ್ತಿದ್ದರು. ಹೊರಗೆ ಒಲೆಯ ಸುತ್ತ ಜನವೋ ಜನ. ಒಳಗೆ ಅಕ್ಕ ಒಬ್ಬರೇ ಹೊಗೆಯಲ್ಲಿ ಸಾರಿನ ಹಂಡೆ ತಿರುವುತ್ತಿದ್ದರು. ನಾನು ತಾಟು ಕೊಡಲು ಒಳಗೆ ಹೋದಾಗಲೆಲ್ಲ, "ಹೊರಗ ಏನನ್ನಾಕತ್ತಾರ?" ಎಂದು ಕೇಳುತ್ತಿದ್ದರು.

"ಊಟಾ ಚಲೋ ಐತಿ ಅನ್ನಾಕತ್ತಾರ್ರಿ."

"ಊಟಾನೋ, ರೊಟ್ಟಿನೋ?"

ನಾನು ತಾಟು ಎತ್ತಿಕೊಂಡು ಹೊರಟುಬಿಡುತ್ತಿದ್ದೆ.

ಮಧ್ಯಾಹ್ನ ಇಳಿಯುವಾಗ ಹಾವೇರಿಯ ಒಂದು ಕುಟುಂಬ ಕಾರಿನಿಂದ ಇಳಿಯಿತು. ಅಕ್ಕ ಸಾರಿನ ಬಕೆಟ್ಟು ಹಿಡಿದು ಬಾಗಿಲಿಗೆ ಬಂದಿದ್ದರು. ಗುಂಪಿನ ಹಿರಿಯ ಹೆಣ್ಣುಮಗಳು ಅವರನ್ನೇ ಕೇಳಿದಳು.

"ಕರೆವ್ವಾರ ಖಾನಾವಳಿ ಇದ ಏನ್ರಿ?"

ಕರೆವ್ವನ ಬಡಿತ ನಿಂತಿತು. ಅವಳು ತಲೆ ಎತ್ತಲಿಲ್ಲ. ಅಕ್ಕನ ಕೈಯಲ್ಲಿದ್ದ ಬಕೆಟ್ಟಿನಿಂದ ಒಂದಿಷ್ಟು ಸಾರು ಮೆಟ್ಟಿಲ ಮೇಲೆ ತುಳುಕಿತು.

"ಹೌದ್ರಿ, ಇದ," ಎಂದರು ಅಕ್ಕ. "ಕೈ ತೊಳಕೊಂಡು ಬರ್ರಿ, ಕುಂದ್ರಿ."

ಅವರನ್ನು ಕೂರಿಸಿ, ತಾಟು ಹಾಕಿ, ತಾವೇ ಬಡಿಸಿದರು. ಆ ಹೆಣ್ಣುಮಗಳು ರೊಟ್ಟಿ ಮುರಿದು ಸಾರಿಗೆ ಅದ್ದಿದಳು. ಬಡಿಸುವುದು ಮುಗಿದಿದ್ದರೂ ಅಕ್ಕ ಸೌಟು ಹಿಡಿದು ಅಲ್ಲಿಯೇ ನಿಂತಿದ್ದರು.

"ರೊಟ್ಟಿ ಭಾಳ ಛಂದ ಅದಾವ್ರಿ," ಎಂದಳು ಅವಳು.

"ಹೂಂ," ಎಂದು ಅಕ್ಕ ಮತ್ತೊಂದು ಸೌಟು ಸಾರು ಹಾಕಿ, ಮತ್ತೂ ಅಲ್ಲಿಯೇ ನಿಂತರು.