ಇದ್ದಿಲನ್ನು ಇದ್ದಿಲೆಂದೇ ಬರೆಸಿದ ಕಾಂತಮ್ಮ

ಬೆಳಗಿನ ಆರು ಗಂಟೆ. ಮಾಕುಟ್ಟ ಘಾಟಿಯ ತಿರುವುಗಳನ್ನು ಹತ್ತಿ ಬಂದ ಲಾರಿ ಮೂರ್ನಾಡಿನ ಹಳೆಯ ಕಾಫಿ ಗೋದಾಮಿನ ಮುಂದೆ ನಿಂತಿದೆ. ಕಾಂತಮ್ಮ ಒಂದೊಂದೇ ಚೀಲದ ಬಾಯಿ ಬಿಚ್ಚಿ ಕಬ್ಬಿಣದ ಸರಳನ್ನು ಆಳಕ್ಕೆ ಇಳಿಸುತ್ತಾರೆ. ಐದು ನಿಮಿಷ ಬಿಟ್ಟು ಹೊರಗೆಳೆದು ಮಣಿಕಟ್ಟಿಗೆ ಒತ್ತಿಕೊಳ್ಳುತ್ತಾರೆ. ತಣ್ಣಗಿದ್ದರೆ "ಹ್ಞೂಂ." ಬೆಚ್ಚಗಿದ್ದರೆ "ಇದ್ಕೆ ಜ್ವರ, ಆಚೆ ಅಂಗಳಕ್ಕೆ ಹಾಕಿ."

"ಅಕ್ಕೋ, ಕೊಚ್ಚಿಯಿಂದ ಇದ್ರ ಮುಂದೇನೇ ಕೂತು ಬಂದಿದ್ದೀನಿ, ನಂಗೂ ಒಂದ್ಸಲ ಜ್ವರ ನೋಡು" ಎನ್ನುತ್ತಾರೆ ಲಾರಿ ಚಾಲಕ ಸಣ್ಣಸ್ವಾಮಿ.

"ನಿಂಗಿರೋದು ಜ್ವರ ಅಲ್ಲ, ಮೈಗಳ್ಳತನ. ಇಳಿಸು ಮೊದ್ಲು."

ಚೀಲದಲ್ಲಿರುವುದು ತೆಂಗಿನ ಚಿಪ್ಪಿನ ಇದ್ದಿಲು. ಇಂಡೋನೇಷ್ಯಾದಿಂದ ಹಡಗಿನಲ್ಲಿ ಕೊಚ್ಚಿಗೆ, ಅಲ್ಲಿಂದ ಲಾರಿಯಲ್ಲಿ ಇಲ್ಲಿಗೆ. ಹೋಂಸ್ಟೇಗಳಲ್ಲಿ ಪ್ರವಾಸಿಗರು ಕೋಳಿ ಸುಡುವುದು ಇದರ ಮೇಲೆ. ಮೈಸೂರಿನ ಧೂಪದ ಅಂಗಡಿಗಳಿಗೂ ಒಂದಿಷ್ಟು ಹೋಗುತ್ತದೆ. ತರಿಸುವವರು ಐವತ್ತೇಳರ ಕಾಂತಮ್ಮ ಮತ್ತು ಅವರ ಮಗಳು ವಿನುತಾ, ಇಬ್ಬರೇ. ಇಂಗ್ಲಿಷಿನ ಮೇಲ್‌ಗಳನ್ನು ಓದುವುದು ಮಗಳು, ಏನು ಉತ್ತರ ಕೊಡಬೇಕೆಂದು ಹೇಳುವುದು ತಾಯಿ.

ಶನಿವಾರಸಂತೆ ಕಡೆಯ ಈ ಹೆಂಗಸು ಇದೇ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಕಾಫಿ ಆರಿಸಿದವರು. ಸರಳು ಹಾಕಿ ನೋಡುವುದನ್ನು ಕಲಿತದ್ದೂ ಇಲ್ಲೇ. "ಸರಿಯಾಗಿ ಒಣಗದ ಹಣ್ಣು ರಾಶಿ ಹಾಕಿದ್ರೆ ಒಳಗೊಳಗೇ ಕಾಯುತ್ತೆ. ಇದ್ದಿಲೂ ಹಂಗೇ. ಬೆಂಕಿ ಕಡ್ಡಿ ಬೇಡ, ಅದಕ್ಕದೇ ಹೊತ್ಕೊಳುತ್ತೆ" ಎನ್ನುತ್ತಾರೆ. ಅದಕ್ಕೇ ಇಂಡೋನೇಷ್ಯಾದವರು ಸುಟ್ಟ ಇದ್ದಿಲನ್ನು ಹದಿನಾಲ್ಕು ದಿನ ಗಾಳಿಗಿಟ್ಟು ತಣಿಸಿದ ಮೇಲೆಯೇ ತುಂಬಬೇಕೆಂದು ಅವರ ಹಟ. ಹಡಗಿನವರು ಇದನ್ನು ಅಪಾಯದ ಸರಕೆಂದು ಬೇರೆಯವರ ಸಾಮಾನಿನ ಜೊತೆ ಸೇರಿಸಿಕೊಳ್ಳುವುದಿಲ್ಲ. ತಂದರೆ ಇಡೀ ಕಂಟೇನರ್ ತುಂಬಿಸಿ ತರಬೇಕು. ಒಂಬತ್ತು ಗಿರಾಕಿಗಳ ಬೇಡಿಕೆ ಒಟ್ಟು ಮಾಡಿದರೆ ಕಾಂತಮ್ಮನ ಕಂಟೇನರ್ ತುಂಬುತ್ತದೆ. ನಾಲ್ಕು ಜನ ಕೈಬಿಟ್ಟರೆ ಮುಂದಿನ ಕಂಟೇನರ್ ತುಂಬುವುದಿಲ್ಲ.

ಈ ಸಲ ಕೈಬಿಟ್ಟರು. ಅದಕ್ಕೆ ಕಾರಣ ಒಂದು ಪದ.

ಹಡಗಿನ ಕಾಗದಪತ್ರ ನೋಡಿಕೊಳ್ಳುವ ಕೊಚ್ಚಿಯ ಏಜೆಂಟರ ಕಚೇರಿಗೆ ಹೊಸ ಗುಮಾಸ್ತ ಬಂದಿದ್ದ. ಸರಕು ಏನೆಂದು ಫೋನಿನಲ್ಲಿ ಕೇಳಿದ. ಮೂರ್ನಾಡಿನ ಅಂಗಡಿಗಳಲ್ಲಿ ಕಲಿತ ಮಲಯಾಳದಲ್ಲಿ ಕಾಂತಮ್ಮ ಠೀವಿಯಿಂದ "ತೇಂಗ ಕರಿ" ಎಂದರು. ಮಲಯಾಳದಲ್ಲಿ ಇದ್ದಿಲೂ ಕರಿಯೇ, ಸಾರೂ ಕರಿಯೇ. ನಾಲಿಗೆಯ ಸಣ್ಣ ಹೊರಳಿನಷ್ಟೇ ವ್ಯತ್ಯಾಸ. "ಚಿರಟ್ಟ" ಎಂದು ಚಿಪ್ಪಿನ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಆ ಪದ ಅವರಿಗೆ ಗೊತ್ತಿರಲಿಲ್ಲ. ಹಡಗಿನ ಕಾಗದದ ಕರಡು ಬಂದಾಗ ವಿನುತಾ ಓದಿ ಬಿದ್ದು ಬಿದ್ದು ನಕ್ಕರು: "ಅಮ್ಮಾ, ನೀನು ಒಂದು ಕಂಟೇನರ್ ತೆಂಗಿನಕಾಯಿ ಸಾರು ತರಿಸ್ತಿದ್ದೀಯ!"

ನಗು ನಿಂತದ್ದು ಏಜೆಂಟರ ಮಾತಿಗೆ. "ಇರಲಿ ಬಿಡಿ ಚೇಚಿ, ಒಳ್ಳೇದೇ ಆಯ್ತು. ಸಾರು ಅಂತಲೇ ಹೋಗಲಿ. ತಪಾಸಣೆ ಇಲ್ಲ, ತಡ ಇಲ್ಲ, ನಾಡಿದ್ದು ಅಲ್ಲಿಂದ ಹೊರಡೋ ಹಡಗಿಗೇ ಹತ್ತಿಸ್ತೀವಿ."

ಕಾಂತಮ್ಮ ಒಪ್ಪಲಿಲ್ಲ. "ಸಾರು ಅಂತ ಬರೆದ್ರೆ ಇಂಜಿನ್ ಪಕ್ಕದ ಬಿಸೀಲಿ ಇಡ್ತಾರೆ. ಅದು ಹೊತ್ಕೊಂಡ್ರೆ ಸಮುದ್ರದ ನಡುವೆ ಆ ಹಡಗಿನ ಹುಡುಗ್ರು ಎಲ್ಲಿಗೆ ಓಡ್ತಾರೆ?" ಎಂದು ಕೇಳಿದರು. ಕಾಗದ ತಿದ್ದಿಸಿದರು, ಹಡಗು ತಪ್ಪಿತು. ಇಪ್ಪತ್ತಮೂರು ದಿನ ತಡ. ಡಿಸೆಂಬರಿನ ಪ್ರವಾಸಿಗರು ಬಂದು ತಿಂದು ಹೋದರು. ನಾಲ್ಕು ಹೋಂಸ್ಟೇಗಳು ಬೇರೆ ಕಡೆ ಕೊಂಡವು.

ಹಡಗಿಗೆ ಬೆಂಕಿ ಬಿದ್ದರೆ ನಾವು ಸುದ್ದಿ ಓದುತ್ತೇವೆ. ಬೀಳದಂತೆ ನೋಡಿಕೊಂಡವರ ಬಗ್ಗೆ ಯಾವ ಪತ್ರಿಕೆ ಬರೆದಿದೆ? ಸುಳ್ಳು ಕಾಗದ ಬರೆಸಿದವನ ಸರಕು ಮೊದಲು ತಲುಪುತ್ತದೆ, ನಿಜ ಬರೆಸಿದವಳ ಸರಕು ಬಂದರಿನಲ್ಲಿ ಕೊಳೆಯುತ್ತದೆ. ಇದಕ್ಕೆ ವ್ಯಾಪಾರದ ಜಾಣತನ ಎಂದು ಹೆಸರು! ಆ ಜಾಣತನದ ಬೆಲೆ ತೆರುವವರು ಡೆಕ್ಕಿನ ಕೆಳಗೆ ಮಲಗಿದ ಕೂಲಿಗಳು. ಅವರ ಪರವಾಗಿ ಎದ್ದು ನಿಂತದ್ದು ಯಾವ ಮಂಡಳಿಯೂ ಅಲ್ಲ, ಸಮುದ್ರವನ್ನೇ ಕಾಣದ ಒಬ್ಬ ಹೆಂಗಸು.

ಏಳಕ್ಕೆ ಜೀಪು ಬಂದು ನಿಲ್ಲುತ್ತದೆ. ದುಬಾರೆ ಕಡೆಯ ಹೋಂಸ್ಟೇ ಮಾಲೀಕ ಬೋಜಪ್ಪ. ತಡವಾದರೂ ಕಾದವರು.

"ಎಂಥ ಕಾಂತಮ್ಮಕ್ಕ, ಸಾರು ಬಂತಾ? ಉಪ್ಪು ಸರಿ ಉಂಟಾ?"

"ನಿಮ್ಗೆ ಬಡಿಸೋವಾಗ ಹಾಕ್ತೀನಿ ಬನ್ನಿ."

ಚೀಲಗಳನ್ನು ಜೀಪಿಗೆ ಏರಿಸುತ್ತಲೇ ಬೋಜಪ್ಪ ಹೇಳುತ್ತಾರೆ: "ಬೇಸಿಗೆಗೆ ನಂದು ಎರಡರಷ್ಟು ಬರ್ಕೊಳ್ಳಿ. ತಮ್ಮನ ರೆಸಾರ್ಟಿಗೂ ಸೇರಿಸಿ." ವಿನುತಾ ಬೆರಳು ಮಡಿಸಿ ಲೆಕ್ಕ ಹಾಕಿ ತಾಯಿಯ ಕಡೆ ನೋಡುತ್ತಾರೆ. "ಮುಂದಿನ ಕಂಟೇನರ್ ತುಂಬೋಕೆ ಇನ್ನೂ ಅರವತ್ತು ಚೀಲ ಕಮ್ಮಿ ಬೀಳುತ್ತಮ್ಮ."

"ಮೈಸೂರಿನ ಧೂಪದವರನ್ನ ನಾಳೆ ಕೇಳಾಣ. ಕಂಟೇನರ್ ತುಂಬಿದ್ರೆ ತರಾಣ, ತುಂಬದಿದ್ರೆ ಇಲ್ಲ. ಕಾಗದದಲ್ಲಿ ಮಾತ್ರ ಇದ್ದಿಲು ಅಂತಲೇ ಇರ್ಲಿ."

ಆ ಹಡಗಿನವರಿಗೆ ನಿಮ್ಮ ಹೆಸರಾದರೂ ಗೊತ್ತಾಗಬೇಕಿತ್ತಲ್ಲವೇ ಎಂದು ಕೇಳಿದರೆ ಕಾಂತಮ್ಮ ಗಾಬರಿಯಾಗುತ್ತಾರೆ.

"ಅಯ್ಯೋ, ಬೇಡಪ್ಪಾ! ಅವ್ರಿಗೆ ನನ್ನ ಹೆಸರು ಗೊತ್ತಾಯ್ತು ಅಂದ್ರೆ ಏನೋ ಅನಾಹುತ ಆಗಿದೆ ಅಂತ. ಅವ್ರು ಉಂಡು, ಮಲಗಿ, ಎದ್ದು ಊರು ಸೇರ್ಲಿ. ನಾನ್ಯಾರು ಅಂತ ಕೇಳೋ ಹಂಗೇ ಆಗ್ಬಾರ್ದು."