ಅರೆನೂಲು ಭಾವ ಕಟ್ಟಿದ ಪೀಠ

ನನ್ನ ಹೆಂಡತಿಯ ಅಣ್ಣನನ್ನು ಮರಗೆಲಸದವರೆಲ್ಲ ಕರೆಯುವುದು ಅರೆನೂಲು ಮೇಸ್ತ್ರಿ ಎಂದೇ. ನೂಲೆಂದರೆ ಬಡಗಿಗಳ ಲೆಕ್ಕದಲ್ಲಿ ಅಂಗುಲದ ಎಂಟನೇ ಒಂದು ಪಾಲು. ಅದರಲ್ಲಿ ಅರ್ಧ ಹೆಚ್ಚುಕಮ್ಮಿಯಾದರೂ ಭಾವನಿಗೆ ಅನ್ನ ಸೇರುವುದಿಲ್ಲ. ಮೊದಲ ಸಲ ನಮ್ಮ ಮನೆಗೆ ಬಂದಾಗ ನನ್ನನ್ನು ಬಿಟ್ಟು ಬಾಗಿಲಿನ ಸಂದನ್ನೇ ನೋಡುತ್ತ ಕೂತಿದ್ದರು. ಹುಡುಗ ಪರವಾಗಿಲ್ಲ, ಬಾಗಿಲು ಸರಿಯಿಲ್ಲ ಎಂದು ತಂಗಿಗೆ ವರದಿ ಕೊಟ್ಟರಂತೆ.

ಅಂಥವರ ಕೈ ಎರಡು ವರ್ಷದಿಂದ ನಡುಗುತ್ತಿದೆ. ಹೆದರುವಂಥ ಕಾಯಿಲೆಯಲ್ಲ, ಆದರೆ ಹೋಗುವಂಥದ್ದೂ ಅಲ್ಲ ಎಂದರು ಡಾಕ್ಟರು. ಯಾರಾದರೂ ನೋಡುತ್ತಿದ್ದರಂತೂ ಇನ್ನೂ ಜಾಸ್ತಿ. ಅವರು ಕೆಲಸಕ್ಕಿದ್ದ ಮೇಜು-ಕುರ್ಚಿ ಮಾಡುವ ಕಾರ್ಖಾನೆಯ ಮಾಲೀಕರು ಒಳ್ಳೆಯವರೇ. ಕೈಯಿಂದ ಉಳಿ ಬಿಡಿಸಿ ಮೇಲ್ವಿಚಾರಣೆಯ ಕುರ್ಚಿ ಕೊಟ್ಟರು. ಭಾವ ಆ ಕುರ್ಚಿಯ ಮೇಲೆ ಒಂದು ವಾರ ಕೂತು, ಅದರ ಕಾಲು ಓರೆಯಾಗಿದೆ ಎಂದು ಹೇಳಿ, ಎದ್ದು ಮನೆಗೆ ಬಂದುಬಿಟ್ಟರು. ಆಮೇಲೆ ಯಾರ ಮುಂದೆಯೂ ಉಳಿ, ಸುತ್ತಿಗೆ ಮುಟ್ಟಲಿಲ್ಲ. ನಮ್ಮಲ್ಲಿಗೆ ಬಂದರೆ ಚಹಾ ಅರ್ಧ ಲೋಟ ಮಾತ್ರ, ಅದೂ ನಾವು ಬೇರೆ ಕಡೆ ನೋಡುವಾಗ. ನಡುಕದ ಮಾತನ್ನು ಅವರೂ ಎತ್ತುತ್ತಿರಲಿಲ್ಲ, ನಾವೂ ಎತ್ತುತ್ತಿರಲಿಲ್ಲ.

ನನ್ನ ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ದಿನವಿಡೀ ಉಜ್ಜಿದ್ದು ಸಾಲದೆಂದು ಊಟದ ತಟ್ಟೆಯಗಲದ ದಪ್ಪ ಗಾಜೊಂದನ್ನು ಮನೆಗೂ ತಂದಳು. ಅಡುಗೆಮನೆಯ ಕಟ್ಟೆಯ ಮೇಲೆ ಅದಕ್ಕೆ ಪುಡಿ ಹಾಕಿ ತಿಂಗಳುಗಟ್ಟಲೆ ಉಜ್ಜಿ ನಡುವೆ ತಗ್ಗು ಮಾಡಿ, ಬೆಳ್ಳಿಯ ಲೇಪ ಕೊಟ್ಟು ಕನ್ನಡಿಯಾಗಿಸಿದಳು. ಅಷ್ಟು ದಿನವೂ ನಾನು ಸ್ಟೂಲಿನ ಮೇಲೆ ತರಕಾರಿ ಹೆಚ್ಚಿದೆ. ಕನ್ನಡಿಯನ್ನು ದಪ್ಪ ರಟ್ಟಿನ ಕೊಳವೆಯ ತಳದಲ್ಲಿ ಕೂರಿಸಿ, ಮೇಲೆ ಕಣ್ಣಿಡಲು ಗಾಜು ಸಿಕ್ಕಿಸಿದ ಮೇಲೆ ಟೆಲಿಸ್ಕೋಪು ಸಿದ್ಧವಾಯಿತು. ಅದನ್ನು ಕ್ಯಾಮೆರಾದ ಸ್ಟ್ಯಾಂಡಿಗೆ ಕಟ್ಟಿ ನೋಡಿದರೆ ಚಂದ್ರ ಬಕೆಟ್ಟಿನ ನೀರಿಗೆ ಬಿದ್ದವನ ಹಾಗೆ ತುಳುಕುತ್ತಿದ್ದ.

"ಅಣ್ಣ, ಇದಕ್ಕೊಂದು ಮರದ ಪೀಠ ಮಾಡಿಕೊಡು," ಎಂದಳು.

"ನಾನು ಎಲ್ಲ ಬಿಟ್ಟಾಯ್ತಲ್ಲ. ಬೇರೆ ಯಾರಿಗಾದ್ರೂ ಹೇಳು."

"ಹೇಳ್ತೀನಿ. ಆಮೇಲೆ ಬಂದು ಅದರ ಸಂದು ಅಳೆದು ನನ್ನ ಜೀವ ತಿನ್ನಬೇಡ."

ಮಾತು ತಾಗಬೇಕಾದಲ್ಲೇ ತಾಗಿತು. ಭಾವ ತಂಗಿಯನ್ನು ಗೋಡೆಗೆ ನಿಲ್ಲಿಸಿ ಕಣ್ಣಿನ ಎತ್ತರಕ್ಕೆ ಪೆನ್ಸಿಲ್ಲಿನ ಗುರುತು ಹಾಕಿಕೊಂಡರು. ಆದರೆ ಒಂದು ಷರತ್ತು: ಕೆಲಸ ನಡೆಯುವಾಗ ಅವಳು ನಮ್ಮ ಹಿತ್ತಲ ಕೋಣೆಗೆ ತಲೆ ಹಾಕಬಾರದು. ಹಲಗೆ ಹಿಡಿಯಲು ಮಾತ್ರ ನನ್ನನ್ನು ಕರೆದರು.

"ನೀವು ಬನ್ನಿ. ನಿಮಗೆ ಏನೂ ಗೊತ್ತಾಗಲ್ಲ."

ಗೊತ್ತಾಗಲಿಲ್ಲ ನಿಜ, ಆದರೆ ಕಣ್ಣಿಗಂತೂ ಬಿತ್ತು. ಬರಿಗೈಯಲ್ಲಿ ಗೆರೆ ಹಿಡಿದು ಕೊಯ್ಯುತ್ತಿದ್ದವರು ಈಗ ಗೆರೆಯ ಉದ್ದಕ್ಕೂ ಒಂದು ಪಟ್ಟಿ ಬಿಗಿದು, ಗರಗಸವನ್ನು ಅದಕ್ಕೆ ಒತ್ತಿ ಎರಡೂ ಕೈಯಿಂದ ಎಳೆಯುತ್ತಿದ್ದರು. ಮೊಣಕೈಯನ್ನು ಪಕ್ಕೆಗೆ ಅವುಚಿಕೊಂಡು ತಿರುಪು ಹಾಕುತ್ತಿದ್ದರು. ಹಿಂದೆ ಅರ್ಧ ದಿನದಲ್ಲಿ ಮುಗಿಯುತ್ತಿದ್ದ ಕೆಲಸ ವಾರ ಎಳೆಯಿತು. ಒಮ್ಮೆ ಉಳಿ ಜಾರಿ ಹಲಗೆಯ ಮೇಲೆ ಉದ್ದ ಗೀರು ಬಿತ್ತು. ಭಾವ ಅದನ್ನೇ ನೋಡುತ್ತ ನಿಂತರು. ನಾನು ಕಿಟಕಿಯ ಕಡೆ ತಿರುಗಿ, ಇವತ್ತು ಸೆಖೆ ಜಾಸ್ತಿ ಎಂದೆ. ಅವರು ಹೂಂ ಎಂದು ಆ ಹಲಗೆ ಬದಿಗಿಟ್ಟು ಹೊಸದನ್ನು ಎತ್ತಿಕೊಂಡರು.

ಅಂತೂ ಪೀಠ ಎದ್ದಿತು. ನೋಡಲು ಸರಳ. ಕೊಳವೆಯ ಎರಡು ಪಕ್ಕಕ್ಕೂ ಮರದ ದುಂಡು ಬಿಲ್ಲೆ. ಅವು ಕೂತು ಮೇಲೆ ಕೆಳಗೆ ತಿರುಗಲು ಪೆಟ್ಟಿಗೆಯೊಂದರ ಗೋಡೆಗಳಲ್ಲಿ ಅರ್ಧಚಂದ್ರದ ಕಚ್ಚು. ಪೆಟ್ಟಿಗೆ ಸುತ್ತ ತಿರುಗಲು ಕೆಳಗೊಂದು ಮಣೆ, ನಡುವೆ ಒಂದು ಬೋಲ್ಟು. ಮರಕ್ಕೆ ಮರ ಉಜ್ಜದಂತೆ ಎಲ್ಲ ಕಡೆ ಜಾರುವ ಬಿಳಿ ಪ್ಲಾಸ್ಟಿಕ್ಕಿನ ತುಂಡುಗಳು. ಈ ತುಂಡುಗಳು ನಡುವಿಗೆ ಹತ್ತಿರವಿದ್ದರೆ ಓಡಾಟ ಹಗುರ, ದೂರವಿದ್ದರೆ ಬಿಗಿ. ಭಾವ ಹತ್ತಿರವೇ ಕೂರಿಸಿದರು. ಒಂದು ಬೆರಳಿನಿಂದ ತಳ್ಳಿದರೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ತಿರುಗಿ, ಬಿಟ್ಟಲ್ಲಿ ನಿಲ್ಲುತ್ತಿತ್ತು.

ಸಂಜೆ ಎಲ್ಲವನ್ನೂ ತಾರಸಿಗೆ ಹೊತ್ತೆವು. ಹೊತ್ತೆವು ಎಂದರೆ ನಾನು ಹೊತ್ತೆ. ನನ್ನ ಹೆಂಡತಿ ನೋಡಿ ಕುಣಿದಾಡಿದಳು. ನಾನೂ ನೋಡಿದೆ, ಚಂದ್ರನ ಮೈಮೇಲೆ ನಮ್ಮ ರಸ್ತೆಗಿಂತ ಹೆಚ್ಚು ಗುಂಡಿಗಳಿವೆ. ಭಾವ ಮಾತ್ರ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ತಂಗಿಯ ಬಲವಂತಕ್ಕೆ ಬಗ್ಗಿದರು. ಚಂದ್ರ ನಿಂತಲ್ಲಿ ನಿಲ್ಲುವವನಲ್ಲ, ಜರುಗುತ್ತ ಗಾಜಿನಿಂದ ಆಚೆ ಹೋಗುತ್ತಾನೆ. ಕೊಳವೆಯನ್ನು ಕೈಯಿಂದ ತಳ್ಳುತ್ತಲೇ ಇರಬೇಕು. ಭಾವ ಕೈಯಿಟ್ಟರು. ಒಂದು ಬೆರಳಿಗೆ ತಿರುಗುವ ಪೀಠ ಬೆರಳಿನ ನಡುಕಕ್ಕೂ ತಿರುಗಿತು. ಕೊಳವೆ ಅದುರುವುದು ನಮ್ಮ ಕಣ್ಣಿಗೇ ಕಾಣುತ್ತಿತ್ತು. ತಾವೇ ಕಟ್ಟಿದ್ದರಲ್ಲಿ ಅವರಿಗೇ ಚಂದ್ರ ನಿಲ್ಲಲಿಲ್ಲ.

"ಚೆನ್ನಾಗಿದೆ," ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಆಮೇಲೆ ನಮ್ಮ ಕಡೆ ಸುಳಿಯಲಿಲ್ಲ. ಕರೆದರೆ ಒಂದು ದಿನ ತಲೆನೋವು, ಇನ್ನೊಂದು ದಿನ ಹಲ್ಲುನೋವು.

ರಜೆಯ ದಿನವೊಂದರಂದು ನಾನು ತಾರಸಿಗೆ ಹೋದಾಗ ನನ್ನ ಹೆಂಡತಿ ಪೀಠವನ್ನು ಬೋರಲು ಹಾಕಿ ತಿರುಪು ಬಿಚ್ಚುತ್ತಿದ್ದಳು.

"ನಿಮ್ಮಣ್ಣನ ಕೆಲಸಕ್ಕೆ ಕೈ ಹಾಕ್ತೀಯಾ? ಹುಲಿ ಬಾಯಿಗೆ ತಲೆ ಕೊಡೋದೂ ಒಂದೇ, ಇದೂ ಒಂದೇ."

"ಅಳತೆ ತಪ್ಪಿದ್ದಾನೆ ರೀ. ಎಲ್ಲ ನನ್ನ ಕೈಗೆ ಅಂತ ಮಾಡಿದ್ದಾನೆ."

ಪ್ಲಾಸ್ಟಿಕ್ಕಿನ ತುಂಡುಗಳನ್ನೆಲ್ಲ ನಡುವಿನಿಂದ ಅಂಚಿಗೆ ಸರಿಸಿ ಕೂರಿಸಿದಳು. ಈಗ ಕೊಳವೆ ತಿರುಗಿಸಲು ಅವಳಿಗೆ ಎರಡೂ ಕೈ ಬೇಕಾಯಿತು. ಪೀಠ ಕೆಟ್ಟುಹೋಗಿದೆ ಎಂದು ಅಣ್ಣನಿಗೆ ಫೋನ್ ಮಾಡಿದಳು. ಹಲ್ಲುನೋವು ಹೇಳಹೆಸರಿಲ್ಲದೆ ಹೋಯಿತು. ಕತ್ತಲಾಗುವ ಮೊದಲೇ ಭಾವ ಸಾಮಾನಿನ ಚೀಲ ಹಿಡಿದು ತಾರಸಿಯಲ್ಲಿದ್ದರು. ಒಮ್ಮೆ ತಳ್ಳಿ ನೋಡಿ ಕೆಂಡಾಮಂಡಲವಾದರು.

"ಯಾರೇ ಇದನ್ನ ಬಿಚ್ಚಿದ್ದು? ಇದೇನು ಪೀಠನಾ, ಬೀಸೋ ಕಲ್ಲಾ?"

"ನಾನೇ ಬಿಚ್ಚಿದ್ದು. ಮೊದ್ಲು ಚಂದ್ರನ್ನ ನೋಡು, ಆಮೇಲೆ ಬೈ."

ಬೈಯಲು ತೆರೆದ ಬಾಯಿಯನ್ನು ಮುಚ್ಚಿಕೊಂಡು ಬಗ್ಗಿದರು. ಕೈ ಕೊಳವೆಯ ಮೇಲೆ ಹೋಯಿತು. ಕೊಳವೆ ಅಲುಗಲಿಲ್ಲ. ಚಂದ್ರ ಜರುಗಿರಬೇಕು, ಒತ್ತಿ ತಳ್ಳಿದರು. ಅದು ತಳ್ಳಿದಷ್ಟೇ ಹೋಗಿ ನಿಂತಿತು. ಬಹಳ ಹೊತ್ತು ತಲೆ ಎತ್ತಲೇ ಇಲ್ಲ. ಮತ್ತೆ ತಳ್ಳಿದರು, ಮತ್ತೆ ನೋಡಿದರು.

ಗಾಜಿನಿಂದ ಕಣ್ಣು ತೆಗೆಯದೆಯೇ ತಂಗಿಯನ್ನು ಕೇಳಿದರು, "ನನ್ನ ಕೈ ನಡುಗ್ತಾ ಇದ್ಯಾ?"

ಎರಡು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ನಾನಾಗಿದ್ದರೆ ಇಲ್ಲ ಎಂದುಬಿಡುತ್ತಿದ್ದೆ. ಅವಳು ಕೈಯನ್ನು ಸರಿಯಾಗಿ ನೋಡಿ ಹೇಳಿದಳು.

"ನಡುಗ್ತಿದೆ ಅಣ್ಣ."

"ಇಲ್ಲಿ ಗೊತ್ತೇ ಆಗ್ತಿಲ್ಲ ಕಣೇ," ಎಂದರು ಭಾವ.