ಸರ್ರ, ಓಪನ್ ಆಗವಲ್ದ್ರಿ

ಕೆಟ್ಟದ್ದನ್ನು ಸರಿಮಾಡುವುದೇ ನನ್ನ ಹೊಟ್ಟೆಪಾಡು. ಆದರೂ ಒಂದು ರಿಪೇರಿ ಅಷ್ಟು ಬೇಗ ಮುಗಿಯಬಾರದಿತ್ತೆಂದು ನನಗೆ ಅನ್ನಿಸಿದ್ದುಂಟು.

ವಡಗಾವಿಯ ನೇಕಾರರ ಸಂಘವೊಂದರ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಸಂಘಕ್ಕೆ ಖಾನಾಪುರದಲ್ಲೊಂದು ಸೀರೆ ಅಂಗಡಿಯಿದೆ. ಅಲ್ಲಿ ಬಿಲ್ ಮಾಡುವವರು ಸುನಂದಾಬಾಯಿ. ಒಂದು ಬಿಲ್ ಆಗಬೇಕಾದರೆ ಅವರ ಕಂಪ್ಯೂಟರು ವಡಗಾವಿಯ ನಮ್ಮ ಸರ್ವರಿನ ಡೇಟಾಬೇಸಿಗೆ ಬಂದು ಸೇರಬೇಕು. ಮಳೆಗಾಲದ ಸುರುವಿಗೆ ಇದು ತೀರ ತಡವಾಗತೊಡಗಿತು. "ಸರ್ರ, ಓಪನ್ ಆಗವಲ್ದ್ರಿ" ಎಂದು ಫೋನು ಬರುತ್ತಿತ್ತು. ಪರದೆ ತೆರೆಯುವವರೆಗೆ ಇಬ್ಬರೂ ಫೋನು ಹಿಡಿದೇ ಇರಬೇಕಲ್ಲ! ಅವರು ಅಲ್ಲಿಯ ಮಳೆಯ ಸುದ್ದಿ ಹೇಳುವರು, ಗಿರಾಕಿಗೆ ಮರಾಠಿಯಲ್ಲಿ "ಬಸಾ, ಬಸಾ" ಎಂದು ಕೂರಿಸುವರು, ಮತ್ತೆ ನನಗೆ "ಊಟ ಆತೇನ್ರಿ?" ಎನ್ನುವರು. ಶಿವಬಸವ ನಗರದ ಕೋಣೆಯಲ್ಲಿ ತಾನೇ ಬೇಯಿಸಿ ತಾನೇ ಉಣ್ಣುವ, ನಲವತ್ತು ದಾಟಿದ ಬ್ರಹ್ಮಚಾರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಅವರ ಮುಖ ನಾನು ನೋಡಿಲ್ಲ. ಅವರೂ ಒಂಟಿಯೆಂದು ಟೆಂಪೋದಲ್ಲಿ ಸೀರೆ ಒಯ್ಯುವ ಇಸ್ಮಾಯಿಲ್ ಚಾಚಾ ಹೇಳಿದ್ದ. ಪ್ರತಿ ಸಲ ಅವನು ಖಾನಾಪುರದಿಂದ ಬಂದಾಗ, ಬಾಯಾರು ಹೇಗಿದ್ದಾರೆಂದು ಕೇಳದೆ ನಾನು ಬಿಡುತ್ತಿರಲಿಲ್ಲ.

ತಡಕ್ಕೆ ಕಾರಣ ಹುಡುಕುತ್ತ ಮೊದಲು ಮಳೆಯನ್ನು ಬೈದೆ, ಆಮೇಲೆ ವೈರು ಬದಲಿಸಿದೆ. ಕೊನೆಗೆ ಕಂಡಿತು: ಒಳಗೆ ಬಂದ ಮೇಲೆ ಬಿಲ್ಲು ಚಕಚಕನೆ ಆಗುತ್ತಿತ್ತು, ತಡವೆಲ್ಲ ಬಾಗಿಲಲ್ಲೇ. ಬಂದ ಕಂಪ್ಯೂಟರಿನ ನಂಬರು ನೋಡಿ ಸರ್ವರು, ಇದರ ಹೆಸರೇನೆಂದು ಇನ್ನೊಂದು ಯಂತ್ರವನ್ನು ಕೇಳುತ್ತಿತ್ತು. ಹೆಸರು ಹೇಳುವ ಈ ಏರ್ಪಾಟಿಗೆ ಡಿಎನ್ಎಸ್ ಎನ್ನುತ್ತಾರೆ. ಆ ಯಂತ್ರವನ್ನು ಬೇಸಿಗೆಯಲ್ಲಿ ನಾವೇ ಗುಜರಿಗೆ ಹಾಕಿದ್ದೆವು! ಸರ್ವರು ಪಾಪ, ಉತ್ತರಕ್ಕೆ ಕಾದು ಕಾದು ಬೇಸತ್ತು, ಕೊನೆಗೆ ಹೆಸರು ಗೊತ್ತಾಗದೆಯೇ ಒಳಗೆ ಬಿಡುತ್ತಿತ್ತು.

ನೀರಿನ ತಂಬಿಗೆ ಕೊಡುತ್ತಲೇ "ಯಾವೂರ್ರಿ, ಯಾರ ಪೈಕಿ?" ಎನ್ನುವುದು ನಮ್ಮ ಕಡೆಯ ರೂಢಿ. ಆದರೆ ನಾವು ಬಂದವರನ್ನೇ ಕೇಳುತ್ತೇವೆ. ಎದುರಿಗಿದ್ದವರನ್ನು ಬಿಟ್ಟು ಮೂರನೆಯವರನ್ನು ಕೇಳುವ ಯಂತ್ರದ ಪೆದ್ದುತನಕ್ಕೆ ನನಗೆ ನಗು ಬಂತು. ಇಸ್ಮಾಯಿಲ್ ಚಾಚಾ ನೆನಪಾದ ಮೇಲೆ ಅಷ್ಟು ನಗು ಬರಲಿಲ್ಲ.

ಹೆಸರು ಕೇಳಬೇಡ, ನಂಬರು ನೋಡಿ ಒಳಗೆ ಬಿಡು ಎಂದು ಸರ್ವರಿಗೆ ಒಂದು ಸಾಲು ಬರೆದೆ. ಖಾನಾಪುರದ ಪರದೆ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ಸಂಘದ ಅಧ್ಯಕ್ಷರು ಬೆನ್ನು ತಟ್ಟಿದರು. ಮರುದಿನದಿಂದ ಫೋನು ನಿಂತಿತು.

ಆ ದನಿಗಾಗಿ ನಾನು ಹಂಬಲಿಸಿದೆ. ಸುತ್ತುಬಳಸಿ ಹೇಳಿ ಪ್ರಯೋಜನವಿಲ್ಲ. ಉಣ್ಣುವಾಗ ತಟ್ಟೆಯ ಪಕ್ಕದಲ್ಲಿ ಫೋನು ಇಟ್ಟುಕೊಳ್ಳುವ ಚಟ ಹತ್ತಿತು. ಬರೆದ ಸಾಲನ್ನು ಅಳಿಸಿಬಿಡೋಣವೇ ಎಂಬ ದುರ್ಬುದ್ಧಿಯೂ ಬಂತು. ಕಾದು ಕೂರುವ ಗಿರಾಕಿಗಳನ್ನು ನೆನೆದು ಕೈಬಿಟ್ಟೆ. ಕಡೆಗೊಂದು ಮಧ್ಯಾಹ್ನ ನಾನೇ ಫೋನು ಮಾಡಿದೆ.

"ಬಾಯಾರ, ಸಿಸ್ಟಮ್ ಏನಾರ ಸ್ಲೋ ಐತೇನ್ರಿ?"

"ಇಲ್ರಿ ಸರ್ರ, ಭಾಳ ಫಾಸ್ಟ್ ಐತಿ. ಯಾಕ್ರಿ?"

ಇನ್ನು ಫೋನು ಇಡುವುದೊಂದೇ ಉಳಿದಿತ್ತು. ಇಡಲಾಗಲಿಲ್ಲ.

"ನೀವು ಹೆಂಗದೀರಿ ಅಂತ ಕೇಳಾಕ ಮಾಡಿದೆ."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು.

"ಹಂಗಾರ ಕೇಳ್ರಿ. ಈಗ ಟೈಮ್ ಭಾಳ ಉಳದೈತಿ."